ಎಡಗೈ ಜೇಬಿನಲ್ಲಿರಲಿ

ವರ್ಷಗಟ್ಟಲೆ ಅಟ್ಟದಲ್ಲಿ ಬಿದ್ದಿದ್ದ ವಾಲ್ವ್ ರೇಡಿಯೋ ಕೈಗೆ ಸಿಕ್ಕಿದರೆ ಜನ ಮೊದಲು ಮಾಡುವ ಕೆಲಸ ಅದನ್ನು ಗೋಡೆಯ ಪ್ಲಗ್ಗಿಗೆ ಚುಚ್ಚುವುದು. ಸರೋಜ ಇದನ್ನು ಕೊಲೆ ಎಂದೇ ಕರೆಯುತ್ತಿದ್ದಳು. ಒಳಗಿನ ಕಂಡೆನ್ಸರ್‌ಗಳು ಒಣಗಿರುತ್ತವೆ, ವಯರಿನ ರಬ್ಬರು ಮುಟ್ಟಿದರೆ ಪುಡಿಯಾಗುತ್ತದೆ. ಅಂಥ ಮೈಯೊಳಗೆ ಗೋಡೆಯ ಕರೆಂಟು ಒಮ್ಮೆಲೇ ನುಗ್ಗಿದರೆ ಅದು ಸಿಡಿಯುತ್ತದೆ. ಕೆಲವೊಮ್ಮೆ ಪಕ್ಕದಲ್ಲಿ ನಿಂತವನನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ.

ತಿರುವನಂತಪುರದ ಉಳ್ಳೂರಿನಲ್ಲಿ, ಮೆಡಿಕಲ್ ಕಾಲೇಜಿನ ಕಡೆಗೆ ಆಂಬುಲೆನ್ಸ್‌ಗಳು ಕೂಗುತ್ತ ಓಡುವ ರಸ್ತೆಗೆ ತಾಗಿದ ಓಣಿಯಲ್ಲಿ ಅವಳ ಮನೆ. ಹುಟ್ಟಿದ್ದು ಕುಂಬಳೆಯಲ್ಲಿ. ಒಂದು ಕೇಂದ್ರ ಸಂಸ್ಥೆಯ ಪ್ರಯೋಗಾಲಯದಲ್ಲಿ ಬೆಸುಗೆ ಹಾಕುತ್ತಲೇ ಕೂದಲು ಬೆಳ್ಳಗಾಗಿ ನಿವೃತ್ತಿಯಾಯಿತು. ಆಮೇಲೆ ತಾನು ಮೊದಲಿನಿಂದ ಮನೆಯಲ್ಲಿ ಕೆಲಸ ಮಾಡುತ್ತಿದ್ದ ಮೇಜನ್ನೇ ಮುಂದಿನ ಕೋಣೆಗೆ ತಂದು ಹಾಕಿ ಹಳೆಯ ರೇಡಿಯೋಗಳನ್ನು ಎಬ್ಬಿಸತೊಡಗಿದಳು. ಶನಿವಾರ ಟೆಕ್ನೋಪಾರ್ಕಿನ ನಾಲ್ಕಾರು ಹುಡುಗರು, ಪಿಂಚಣಿದಾರರು ಕಲಿಯಲು ಬರುತ್ತಿದ್ದರು. ಸಂಸ್ಥೆಯ ಹಳೆಯ ನೀಲಿ ಕೋಟು ತೊಟ್ಟು ಅವಳು ಹೇಳಿಕೊಡುತ್ತಿದ್ದಳು: "ಒರೆಸುವ ಮೊದಲು ನೋಡಿ. ಧೂಳಿಗೆ ಎಲ್ಲಾ ನೆನಪಿರ್ತದೆ, ಒರೆಸಿದ್ರೆ ಹೋಯ್ತು. ಕರೆಂಟು ಕೊಡುವಾಗ ಮಧ್ಯದಲ್ಲಿ ಒಂದು ಬಲ್ಬು ಇರಲಿ, ಒಳಗೆ ತಪ್ಪಿದ್ರೆ ಬಲ್ಬು ಉರೀತದೆ, ರೇಡಿಯೋ ಉಳೀತದೆ. ಮತ್ತೆ ಎಡಗೈ ಜೇಬಿನಲ್ಲಿರಲಿ. ಎರಡು ಕೈ ಹಾಕಿದ್ರೆ ಕರೆಂಟು ಒಂದು ಕೈಯಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ ಹೃದಯ ಉಂಟು."

"ಹೃದಯ ಇಲ್ಲದವರಿಗೆ ಟೀಚರ್?" ಎಂದು ಒಬ್ಬ ಕೇಳಿದ.

"ಅವರಿಗೆ ಎರಡು ಕೈಯೂ ಹಾಕ್ಲಿಕ್ಕೆ ಅಡ್ಡಿಯಿಲ್ಲ," ಎಂದಳು.

ಸ್ಟೇಷನ್ ಹಿಡಿಯುವಾಗ ಅವಳು ಬಲಗಿವಿಯನ್ನೇ ಪೆಟ್ಟಿಗೆಗೆ ಒಡ್ಡುತ್ತಿದ್ದಳು. ಎಡಗಿವಿ ಕೇಳುತ್ತಿರಲಿಲ್ಲ. ಗಂಡ ನಟರಾಜ ಅದೇ ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿದ್ದವನು. ಒಂದು ಸಂಜೆ ವಾರ್ತೆಯ ಹೊತ್ತಿಗೆ ಮನೆಯ ರೇಡಿಯೋ ಬಿಚ್ಚಿ ಹರಡಿಕೊಂಡಿದ್ದಳೆಂದು ಅವನು ಕೊಟ್ಟ ಏಟಿಗೆ ಕಿವಿಯ ತಮಟೆ ಹರಿದಿತ್ತು. ಕಡ್ಡಿ ಹಾಕಿ ಕೆರೆದುಕೊಂಡೆ ಎಂದು ಡಾಕ್ಟರಿಗೆ ಹೇಳಿದಳು. ಏಟುಗಳು ಅದಕ್ಕೂ ಮೊದಲು ಇದ್ದವು, ಅದರ ನಂತರವೂ ಇದ್ದವು. ಹೊಡೆತ ಶುರುವಾದರೆ ಮಗಳು ಪಾವನಾ ಈ ಮೇಜಿನ ಕೆಳಗೆ ಹೋಗಿ ಕೂರುತ್ತಿದ್ದಳು. ಬೆಸುಗೆಯ ಸೀಸದ ತಂತಿಯನ್ನು ಬಾಗಿಸಿ ಬಾಗಿಸಿ ಬಳೆ ಮಾಡಿಕೊಳ್ಳುತ್ತಿದ್ದಳು, ಮೇಲೆ ಸದ್ದು ನಿಲ್ಲುವವರೆಗೆ. ನಟರಾಜ ಒಂದು ದಿನ ಕೂತ ಕುರ್ಚಿಯಲ್ಲೇ ಎದೆ ಹಿಡಿದುಕೊಂಡು ಸತ್ತ. ಸರೋಜ ತುಂಬ ದಿನ ಅತ್ತಳು. ಯಾಕೆ ಅತ್ತೆ ಎಂಬುದು ಅವಳಿಗೇ ಗೊತ್ತಾಗಲಿಲ್ಲ.

ಪಾವನಾ ಮದುವೆಯಾಗಿ ಕೊಚ್ಚಿಗೆ ಹೋದಳು. ಅಳಿಯ ವಿನಯ್ ಮೈಸೂರಿನವನು, ವಲ್ಲಾರ್ಪಾಡಂನ ಕಂಟೇನರ್ ಯಾರ್ಡಿನಲ್ಲಿ ಮೇಲ್ವಿಚಾರಕ. ಕಳಮಶ್ಶೇರಿಯಲ್ಲಿ ಫಾತಿಮಾ ಎಂಬ ವಿಧವೆಯ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದರು. ಈ ಮೇ ತಿಂಗಳ ಕೊನೆಯಲ್ಲಿ ವಿನಯ್ ಉಳ್ಳೂರಿಗೆ ಬಂದು, ಬೆಡ್‌ಶೀಟಿನಲ್ಲಿ ಸುತ್ತಿದ ರೇಡಿಯೋವನ್ನು ಮೇಜಿನ ಮೇಲಿಟ್ಟ. ಅವನ ತಾತನದು, ತೇಗದ ಪೆಟ್ಟಿಗೆ.

"ಟೇಬಲ್‌ನಿಂದ ಬಿತ್ತು ಅತ್ತೆ. ನಿಮ್ಮ ಮಗಳು ಗೊತ್ತಲ್ಲ, ಧೂಳು ಒರೆಸೋಕೆ ಹೋದ್ರೆ ಮನೇನೇ ಒರೆಸಿಬಿಡ್ತಾಳೆ."

"ಇಡಿ ಅಲ್ಲಿ. ಇದಕ್ಕೆ ಸಮಯ ಬೇಕು, ಆಯ್ತಾ?"

"ತಗೊಳ್ಳಿ. ಜೂನ್ ಇಪ್ಪತ್ತೊಂದಕ್ಕೆ ಭಾನುವಾರ ನಮ್ಮ ಆಫೀಸಿನವರು ಮನೆಗೆ ಬರ್ತಾರೆ. ಅಷ್ಟರೊಳಗೆ ಹಾಡಿದ್ರೆ ಸಾಕು."

ಅವನು ಹೋದ ಮೇಲೆ ಸರೋಜ ಬೆಡ್‌ಶೀಟು ಬಿಡಿಸಿ, ಒರೆಸದೆ, ದೀಪ ಹತ್ತಿರ ತಂದು ನೋಡಿದಳು. ಮೇಜಿನಿಂದ ಬಿದ್ದ ರೇಡಿಯೋ ಭಾರದ ಕಡೆಗೇ ಬೀಳುತ್ತದೆ, ಅಂದರೆ ಸ್ಪೀಕರಿನ ಕಡೆಗೆ. ಇಲ್ಲಿ ಸ್ಪೀಕರಿನ ಕಡೆ ಒಂದು ಗೀರಿಲ್ಲ. ಹಗುರವಾದ ಬಲಗಡೆಯ ಮೂಲೆ ಜಜ್ಜಿಹೋಗಿತ್ತು, ಎರಡೂ ನಾಬ್‌ಗಳು ಒಡೆದಿದ್ದವು, ಒಳಗಿನ ಭಾಗಗಳನ್ನೆಲ್ಲ ಹೊತ್ತ ಕಬ್ಬಿಣದ ಚೌಕಟ್ಟು, ಚಾಸಿ, ಹಿಂದಿನಿಂದ ಮುಂದಕ್ಕೆ ಬಾಗಿತ್ತು. ಬಿದ್ದ ವಸ್ತು ಹಾಗೆ ಬಾಗುವುದಿಲ್ಲ. ಯಾರೋ ಎರಡು ಕೈಯಲ್ಲಿ ಎತ್ತಿ ಎಸೆದಿದ್ದರು. ಮುಂದಿನ ಬಟ್ಟೆಯ ಮೇಲೆ ತುಕ್ಕಿನಂಥ ಕಲೆಯಿತ್ತು. ಒದ್ದೆ ಹತ್ತಿಯಿಂದ ಒತ್ತಿದಳು. ತುಕ್ಕು ನೀರಿನಲ್ಲಿ ಬಿಡುವುದಿಲ್ಲ. ಇದು ಬಿಟ್ಟಿತು, ಕೆಂಪಾಗಿ. ಒಡೆದ ನಾಬ್‌ನ ಸ್ಕ್ರೂವಿಗೆ ಒಂದು ಉದ್ದ ಕೂದಲು ಸುತ್ತಿಕೊಂಡಿತ್ತು, ತುದಿಯಲ್ಲಿ ಮೆಹಂದಿ ಬಣ್ಣ.

ಅವಳು ವಿಡಿಯೋ ಕರೆ ಮಾಡಿದಳು. ಪಾವನಾ ಮುಂಗೂದಲನ್ನು ಹುಬ್ಬಿನವರೆಗೆ ಕತ್ತರಿಸಿಕೊಂಡಿದ್ದಳು.

"ಹಣೆಗೆ ಎಂತಾಯ್ತು?"

"ಬಾತ್‌ರೂಮಲ್ಲಿ ಸ್ಲಿಪ್ ಆಯ್ತು ಅಮ್ಮ."

"ರೇಡಿಯೋದಲ್ಲಿ ನಿನ್ನ ಕೂದಲು ಉಂಟು, ಪಾವನಾ."

ಪಾವನಾ ಮುಂಗೂದಲನ್ನು ಇನ್ನಷ್ಟು ಕೆಳಗೆ ಎಳೆದುಕೊಂಡಳು.

"ಈಗಲೇ ಹೊರಟು ಬಾ. ಬಟ್ಟೆ ಬೇಡ, ಎಂತದೂ ಬೇಡ. ಬಾ."

ಪಾವನಾ ಸಣ್ಣವಳಿದ್ದಾಗಿನಿಂದ ಅಮ್ಮನ ಕನ್ನಡಕ್ಕೆ ಅರ್ಧ ಮಲಯಾಳದಲ್ಲಿ ಉತ್ತರ ಕೊಡುವವಳು, ಸಿಟ್ಟು ಬಂದಾಗಲಂತೂ ಪೂರ್ತಿ. "ಅಪ್ಪನುಂ ಇಙ್ಙನೆಯಾಯಿರುನ್ನಲ್ಲೋ," ಎಂದಳು. "ಅಮ್ಮ ಪೋಯೋ?"

ಅಪ್ಪನೂ ಹೀಗೇ ಇದ್ದರಲ್ಲ, ನೀನು ಬಿಟ್ಟು ಹೋದೆಯಾ? ಕರೆ ಕಡಿದುಹೋಯಿತು. ಸರೋಜ ಫೋನನ್ನು ಮೇಜಿನ ಮೇಲೆ ಮಗುಚಿಟ್ಟಳು. ಅಂದು ಅವಳು ಅನ್ನ ಬೇಯಿಸಲಿಲ್ಲ.

ಕೆಲಸವನ್ನು ಮಾತ್ರ ಅಚ್ಚುಕಟ್ಟಾಗಿ ಮಾಡಿದಳು. ಪುಡಿಯಾದ ವಯರುಗಳನ್ನು ಒಂದೊಂದಾಗಿ ಬದಲಿಸಿದಳು. ಮೇಣ ಸೋರಿದ ಕಂಡೆನ್ಸರ್‌ಗಳನ್ನು ಕಿತ್ತು ಹೊಸದು ಹಾಕಿದಳು. ಹರಿದ ಸ್ಪೀಕರ್ ಕಾಗದಕ್ಕೆ ತೆಳುವಾದ ಟಿಶ್ಯೂ ಅಂಟಿಸಿದಳು, ಜಜ್ಜಿದ ಮೂಲೆಗೆ ಬೇರೆ ತೇಗದ ಚೂರು ಕೂರಿಸಿ ಉಜ್ಜಿ ಬಣ್ಣ ಹೊಂದಿಸಿದಳು. ಬಟ್ಟೆಯನ್ನು ತೊಳೆದಳು. ನೀರು ಮೂರನೆಯ ಬಾರಿಗೂ ತಿಳಿಗೆಂಪಾಗಿಯೇ ಬಂತು.

ಕೊನೆಗೆ ಒಂದು ಕೆಲಸ ಉಳಿಯಿತು. ಈ ಜಾತಿಯ ರೇಡಿಯೋಗಳಿಗೆ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಗೋಡೆಯಿಂದ ಬರುವ ಎರಡು ತಂತಿಗಳಲ್ಲಿ ಒಂದು ನೇರ ಚಾಸಿಗೇ ಸೇರುತ್ತದೆ. ಎರಡು ಕಡ್ಡಿಯ ಪ್ಲಗ್ಗನ್ನು ಒಂದು ಕಡೆಯಿಂದ ಚುಚ್ಚಿದರೆ ಚಾಸಿ ತಣ್ಣಗಿರುತ್ತದೆ. ತಿರುಗಿಸಿ ಚುಚ್ಚಿದರೆ ಆ ಕಬ್ಬಿಣಕ್ಕೆಲ್ಲ ಕರೆಂಟು. ಮಾಡಿದವರಿಗೆ ಇದು ಗೊತ್ತಿತ್ತು. ಅದಕ್ಕೇ ಮರದ ಪೆಟ್ಟಿಗೆ, ಕರೆಂಟು ಹಾಯದ ಬೇಕಲೈಟಿನ ನಾಬ್, ನಾಬ್‌ನ ಸ್ಕ್ರೂ ತೂತಿಗೆ ಮೇಣ. ಸರೋಜ ತನ್ನ ಮೇಜಿಗೆ ಬಂದ ಇಂಥ ಎಲ್ಲ ರೇಡಿಯೋಗೂ ಒಳಗೊಂದು ಸಣ್ಣ ಟ್ರಾನ್ಸ್‌ಫಾರ್ಮರ್ ಕೂರಿಸಿ, ಕೊಲ್ಲುವ ಗುಣ ತೆಗೆದೇ ವಾಪಸು ಕೊಡುತ್ತಿದ್ದಳು.

ಈ ರೇಡಿಯೋಗೆ ಅದನ್ನು ಕೂರಿಸಲಿಲ್ಲ. ಮೂರು ಕಡ್ಡಿಯ ಪ್ಲಗ್ಗು ಹಾಕಿದಳು, ಯಾರೂ ತಿರುಗಿಸಿ ಚುಚ್ಚಲಾಗದಂತೆ. ಕರೆಂಟಿನ ತಂತಿಯನ್ನು ಚಾಸಿಗೆ ಬೆಸೆದಳು. ಒಡೆದ ನಾಬ್‌ಗಳ ಜಾಗಕ್ಕೆ, ನಿವೃತ್ತಿಯ ದಿನ ಪ್ರಯೋಗಾಲಯದವರು ಲೇತಿನಲ್ಲಿ ಕಡೆದು ಕೊಟ್ಟಿದ್ದ ಹಿತ್ತಾಳೆಯ ನಾಬ್‌ಗಳನ್ನು ಹಾಕಿ ಸ್ಕ್ರೂ ಬಿಗಿದಳು. ಮೇಣ ಹಾಕಲಿಲ್ಲ. ಕಳಮಶ್ಶೇರಿಯ ಮನೆಯಲ್ಲಿ, ಷಾಕ್ ಹೊಡೆದರೆ ಕರೆಂಟು ಕಡಿಯುವ ಬ್ರೇಕರ್ ಮಳೆ ಬಂದಾಗಲೆಲ್ಲ ಬೀಳುತ್ತದೆಂದು ವಿನಯ್ ಅದನ್ನು ತೆಗೆಸಿಹಾಕಿದ್ದ. ಅದನ್ನು ಅವನೇ ನಗುತ್ತ ಹೇಳಿದ್ದು ಅವಳಿಗೆ ನೆನಪಿತ್ತು. ಆ ರೇಡಿಯೋವನ್ನು ಅವನಲ್ಲದೆ ಇನ್ಯಾರೂ ಮುಟ್ಟುವಂತಿಲ್ಲ ಎಂಬುದೂ ಗೊತ್ತಿತ್ತು. ಮುಟ್ಟಿದ್ದಕ್ಕೇ ಅಲ್ಲವೆ ಹಣೆ ಒಡೆದದ್ದು.

ಬೆಸುಗೆ ಹಾಕುವಾಗ ಕೈ ನಡುಗಲಿಲ್ಲ. ಆಮೇಲೆ ಅದನ್ನು ನೆನೆದಾಗಲೆಲ್ಲ ಅವಳಿಗೆ ಹೆದರಿಕೆಯಾಗುತ್ತಿತ್ತು.

ಗುರುವಾರ ವಿನಯ್ ಕಾರಿನಲ್ಲಿ ಬಂದ. ಜಜ್ಜಿದ ಮೂಲೆಯನ್ನು ಹುಡುಕಿ, ಸಿಗದೆ, ನಕ್ಕ. "ಪ್ಲಾಸ್ಟಿಕ್ ಸರ್ಜರಿ ಮಾಡಿಬಿಟ್ಟಿದೀರ ಅತ್ತೆ. ಇದೇನು ಹಿತ್ತಾಳೆ? ರಾಜಯೋಗ ಬಂತಲ್ಲ ನಮ್ಮ ತಾತಂಗೆ. ಹಾಕಿ ತೋರ್ಸಿ."

ಅವಳು ತನ್ನ ಮೇಜಿನ ಟ್ರಾನ್ಸ್‌ಫಾರ್ಮರಿಗೆ ಪ್ಲಗ್ಗು ಸಿಕ್ಕಿಸಿದಳು. ಅದರ ಮೂಲಕ ಬರುವ ಕರೆಂಟಿಗೆ ನೆಲದ ನೆನಪಿರುವುದಿಲ್ಲ. ಮುಟ್ಟಿದವನ ಮೈಯಿಂದ ನೆಲಕ್ಕೆ ಹಾಯುವ ಹುಕಿ ಅದಕ್ಕಿಲ್ಲ. ವಿನಯ್ ನಾಬ್ ತಿರುಗಿಸಿದ. ವಾಲ್ವುಗಳು ಕಾಯುವಷ್ಟು ಹೊತ್ತು ಮೌನ, ಆಮೇಲೆ ಮಲಯಾಳದ ಕೃಷಿ ವಾರ್ತೆ ಕೋಣೆ ತುಂಬಿತು. ತೆಂಗಿನ ಕೆಂಪು ಮೂತಿ ಹುಳಕ್ಕೆ ಮದ್ದು. ಅವನು ಮಗುವಿನ ಹಾಗೆ ನಾಬನ್ನು ಮೇಲೆ ಕೆಳಗೆ ತಿರುಗಿಸುತ್ತಲೇ ಇದ್ದ. ಒಂದು ಕ್ಷಣ ಅವನ ಮುಖದಲ್ಲಿ ಅವನು ತಾತನ ತೊಡೆಯ ಮೇಲೆ ಕೂತಿದ್ದ ವಯಸ್ಸು ಕಂಡಿತು. ಸರೋಜ ಕಿಟಕಿಯ ಕಡೆ ನೋಡಿದಳು.

"ಇದನ್ನು ನೀವೇ ಹಾಕಿ, ನೀವೇ ತೆಗೀರಿ," ಎಂದಳು. "ಪಾವನಾಳ ಕೈಗೆ ಕೊಡ್ಬೇಡಿ."

"ಅವಳ ಕೈಗಾ?" ವಿನಯ್ ಬೆಡ್‌ಶೀಟು ಸುತ್ತುತ್ತ ಅಂದ. "ಒಂದ್ಸಲ ಮುಟ್ಟಿದ್ದಕ್ಕೇ ಈ ಗತಿ."

ಶುಕ್ರವಾರ ಬೆಳಿಗ್ಗೆ ಸರೋಜ ಚಹಾ ಕುಡಿಯುತ್ತಿದ್ದಾಗ ಪಾವನಾಳ ವಾಯ್ಸ್ ಮೆಸೇಜ್ ಬಂತು. ಹಿನ್ನೆಲೆಯಲ್ಲಿ ವಿನಯ್ ಸ್ನಾನ ಮಾಡುವ ಸದ್ದು, ಮಗಳದು ಪಿಸುದನಿ. "ಅಮ್ಮ, ರೇಡಿಯೋ ಅಡಿಪೊಳಿ, ಸೂಪರ್. ವೈಫೈ ಪಕ್ಕದಲ್ಲೇ ಪ್ಲಗ್ ಚುಚ್ಚಿ ಇಟ್ಟಿದ್ದಾನೆ. ಇನ್ನೂ ಹಾಡಿಸಿಲ್ಲ, ಭಾನುವಾರ ಎಲ್ಲರ ಮುಂದೆ ಉದ್ಘಾಟನೆಯಂತೆ. ಅದರ ಹಿತ್ತಾಳೆ ಕನ್ನಡಿ ತರ ಹೊಳೀಬೇಕು, ಇಲ್ಲಾಂದ್ರೆ ನೋಡು ಅಂದ. ಹುಣಸೆಹುಳಿ ಹಚ್ಚಿ ಉಜ್ಜಿಬಿಡ್ತೇನೆ, ನಿಲವಿಳಕ್ಕು ಉಜ್ಜೋ ಹಾಗೆ. ಶರಿ, ಬಂದ."

ಲೋಟ ಕೈಯಿಂದ ಬಿತ್ತು.

ದೀಪ ಉಜ್ಜುವುದನ್ನು ಮಗಳಿಗೆ ಕಲಿಸಿದವಳು ಅವಳೇ. ಹುಣಸೆಯನ್ನು ನೆನೆಸಬೇಕು, ಎರಡೂ ಕೈಯಲ್ಲಿ ಹಿಡಿದು ತಿಕ್ಕಬೇಕು. ವೈಫೈ ಇರುವ ಆ ಬೋರ್ಡಿನ ಸ್ವಿಚ್ಚು ಆ ಮನೆಯಲ್ಲಿ ಯಾವತ್ತೂ ಆಫ್ ಆಗುವುದಿಲ್ಲ. ಸ್ವಿಚ್ಚು ಹಾಕಿದ್ದರೆ ಸಾಕು, ರೇಡಿಯೋ ಹಾಡದೆ ಇದ್ದರೂ ಹಿತ್ತಾಳೆಗೆ ಕರೆಂಟು ಬಂದಿರುತ್ತದೆ. ಅವಳೇ ಹಾಗೆ ಬೆಸೆದಿದ್ದಳು. ಮುಟ್ಟಬಾರದು ಎಂಬ ಕಟ್ಟಳೆ ಮಾಡಿದವನೇ ಮುಟ್ಟು ಎಂದೂ ಹೇಳಬಹುದು ಎಂಬುದು, ಅಂಥದೇ ಮನೆಯಲ್ಲಿ ಬದುಕಿ ಬಂದ ಅವಳಿಗೆ ಹೊಳೆದಿರಲಿಲ್ಲ.

ಪಾವನಾಳ ಫೋನು ಸ್ವಿಚ್ ಆಫ್. ವಿನಯ್ ಎತ್ತಲಿಲ್ಲ. ಮತ್ತೆ ಮಾಡಿದಳು, ಮತ್ತೆ ಎತ್ತಲಿಲ್ಲ. ಫಾತಿಮಾಳ ನಂಬರು ಎಂದೋ ತೆಂಗಿನೆಣ್ಣೆಯ ವಿಷಯಕ್ಕೆ ಬರೆದುಕೊಂಡದ್ದು ಸಿಕ್ಕಿತು. ಇಬ್ಬರೂ ಮಾತಾಡುವುದು ಮಲಯಾಳದಲ್ಲಿ. ಅಮ್ಮ ಮಗಳಿಬ್ಬರಿಗೂ ಅವಳು 'ಇತ್ತಾ', ಅವಳಿಗೆ ಸರೋಜ 'ಚೇಚಿ', ಎರಡೂ ಅಕ್ಕ ಎಂದೇ.

"ಇತ್ತಾ, ಮೇಲಿನ ಮನೆಯ ಮೈನ್ ಆಫ್ ಮಾಡಿ. ಓಡಿ. ಕಾರಣ ಆಮೇಲೆ."

ಫಾತಿಮಾ ಕಾರಣ ಕೇಳಲಿಲ್ಲ. ಚಪ್ಪಲಿಯ ಪಟಪಟ, ಮೀಟರ್ ಪೆಟ್ಟಿಗೆಯ ಬಾಗಿಲು, ಒಂದು ಟಕ್. "ಆಯ್ತು ಚೇಚಿ."

"ಮೇಲೆ ಹೋಗಿ ಪಾವನಾಳನ್ನು ಕೂಗಿ."

ಮೆಟ್ಟಿಲು ಹತ್ತುವ ಏದುಸಿರು. ಬಾಗಿಲು ಬಡಿದ ಸದ್ದು. ಆಮೇಲೆ ಏನೂ ಇಲ್ಲ. ಸರೋಜ ಬಲಗಿವಿಗೆ ಫೋನನ್ನು ಒತ್ತಿ ಹಿಡಿದು, ಇಡೀ ಜನ್ಮದಲ್ಲಿ ಯಾವ ಸ್ಟೇಷನ್ನಿಗೂ ಹಾಗೆ ಕಿವಿಗೊಟ್ಟಿರದವಳಂತೆ ನಿಂತಳು.

"'ಎಂತಾ ಇತ್ತಾ?' ಅಂತ ಒಳಗಿಂದ ಕೇಳ್ತಿದ್ದಾಳೆ," ಎಂದಳು ಫಾತಿಮಾ.

ಸರೋಜ ಅಲ್ಲೇ, ಒಡೆದ ಲೋಟದ ಪಕ್ಕ, ನೆಲದ ಮೇಲೆ ಕೂತಳು. "ರೇಡಿಯೋ ಮುಟ್ಬೇಡ ಅಂತ ಹೇಳಿ. ನಾನು ಬರ್ತಿದ್ದೇನೆ ಅಂತ ಹೇಳಿ. ಮೈನ್ ಹಾಕ್ಬೇಡಿ."

"ಬಾಗಿಲಿಗೆ ಹೊರಗಿಂದ ಬೀಗ ಚೇಚಿ. ದಿನಾ ಹೀಗೇ, ಫೋನೂ ತಗೊಂಡು ಹೋಗ್ತಾನೆ." ಫಾತಿಮಾಳ ದನಿ ತಗ್ಗಿತು. "ಟಿವಿ ಜೋರಾದ್ರೆ ನಮ್ಗೆ ಗೊತ್ತಾಗ್ತದೆ. ಅವಳ ಕೂಗು ಕೇಳ್ಬಾರ್ದು ಅಂತ ಮೊದ್ಲು ಟಿವಿ ಜೋರು ಮಾಡ್ತಾನೆ, ಆಮೇಲೆ ಶುರು. ಮೊನ್ನೆ ಟಿವಿಯನ್ನೇ ಒಡೆದ. ಹೇಳ್ಬೇಕಿತ್ತು ನಿಮಗೆ. ಬಾಡಿಗೆಯವರ ಮನೆ ವಿಷಯ ಅಂತ ಬಾಯಿ ಮುಚ್ಕೊಂಡೆ."

ಪ್ಲಗ್ಗನ್ನೇ ಕಿತ್ತುಹಾಕು ಎಂದು ಮಗಳಿಗೆ ತಿಳಿಸಬಹುದಿತ್ತು. ಸರೋಜ ತಿಳಿಸಲಿಲ್ಲ. ಮರೆತಳೋ, ಬೇಡವೆಂದು ಬಿಟ್ಟಳೋ, ಆಮೇಲೆ ಪೊಲೀಸರು ಕೇಳಿದಾಗಲೂ ಅವಳಿಗೆ ಹೇಳಲಾಗಲಿಲ್ಲ.

ರೈಲು ಕೊಲ್ಲಂ ದಾಟುವಾಗ ಮಳೆ ಹಿಡಿಯಿತು. ಎರ್ನಾಕುಲಂನಲ್ಲಿಳಿದು ಮೆಟ್ರೋ ಹತ್ತಿ ಕಳಮಶ್ಶೇರಿ ತಲುಪುವಾಗ ಮಧ್ಯಾಹ್ನ ಇಳಿಯುತ್ತಿತ್ತು. ಫಾತಿಮಾ ಮೆಟ್ಟಿಲ ಬುಡದಲ್ಲೇ ಕಾಯಿ ಸುಲಿಯುವ ಕಬ್ಬಿಣದ ಹಾರೆ ಹಿಡಿದು ನಿಂತಿದ್ದಳು. "ನೀವು ಬರ್ಲಿ ಅಂತ ಕಾದೆ," ಎಂದಳು. ಇಬ್ಬರೂ ಸೇರಿ ಮೀಟಿದ ಮೇಲೆ ಬೀಗದ ಕೊಂಡಿ ಕಿತ್ತು ಬಂತು.

ಪಾವನಾ ಬಾಗಿಲ ಹಿಂದೆಯೇ ಇದ್ದಳು. ಹತ್ತಿರದಿಂದ ನೋಡಿದಾಗ ಹಣೆಯ ಹೊಲಿಗೆಯ ಕಲೆ ಮಾತ್ರವಲ್ಲ, ಕತ್ತಿನ ಮೇಲೆ ಬೆರಳುಗಳ ಗುರುತೂ ಇತ್ತು, ಹಳದಿಗೆ ತಿರುಗಿದ ಹಳೆಯದರ ಮೇಲೆ ನೀಲಿಯ ಹೊಸದು. ಸರೋಜ ಅವಳ ಕೈ ಹಿಡಿದಳು.

"ಹೋಗುವಾ, ಬಾ."

"ಸರ್ಟಿಫಿಕೇಟು ಉಂಟು, ಅದೊಂದು ತಗೊಳ್ತೇನೆ," ಎಂದು ಪಾವನಾ ಒಳಗೆ ಓಡಿದಳು. ಅಮ್ಮನ ಹಾಗೆಯೇ 'ಉಂಟು' ಎಂದು ಅವಳು ಹೇಳಿ ವರ್ಷಗಳಾಗಿದ್ದವು.

ಕೆಳಗೆ ಕಾರು ನಿಂತ ಸದ್ದು ಅವರಿಗೆ ಮಳೆಯಲ್ಲಿ ಕೇಳಿಸಲಿಲ್ಲ. ವಿನಯ್ ಮೀಟರ್ ಪೆಟ್ಟಿಗೆಯ ಹತ್ತಿರ ನಿಂತು, ಮೈನ್ ಬಿದ್ದಿರುವುದನ್ನು ನೋಡಿ, ಮೇಲೆತ್ತಿದ. ಮನೆಯೊಳಗೆ ಫ್ಯಾನು ತಿರುಗತೊಡಗಿತು. ಸರೋಜ ಫ್ಯಾನಿನ ಕಡೆ ತಲೆಯೆತ್ತುವಷ್ಟರಲ್ಲಿ ಅವನು ಬಾಗಿಲಲ್ಲಿದ್ದ, ಬೂಟು ಹೊರಗೆ ಬಿಟ್ಟು, ಒದ್ದೆ ಕಾಲಲ್ಲಿ.

ಕಿತ್ತ ಬೀಗವನ್ನು ಬೆರಳಲ್ಲಿ ಆಡಿಸಿದ. "ಓ, ಅತ್ತೆ. ಬೀಗ ಒಡೆಯೋದೂ ರಿಪೇರಿ ಕೆಲಸದಲ್ಲೇ ಬರತ್ತಾ?"

"ವಿನಯ್, ಮಗಳನ್ನು ಕರ್ಕೊಂಡು ಹೋಗ್ತಿದ್ದೇನೆ. ದಾರಿ ಬಿಡಿ."

"ಕರ್ಕೊಂಡು ಹೋಗಿ ಏನ್ ಮಾಡ್ತೀರ? ನಿಮ್ಮನೇಲಿ ಏನು ಆರತಿ ಎತ್ತುತಾ ಇದ್ರಾ? ಮಾವನ ಕಥೆ ಎಲ್ಲಾ ಹೇಳಿದಾಳೆ ಇವಳು." ಅವನು ಫಾತಿಮಾಳನ್ನು ಹೊರಗೆ ತಳ್ಳಿ ಬಾಗಿಲು ಹಾಕಿ ಚಿಲಕ ಎಳೆದ. ಹಾರೆ ಅವಳೊಡನೆ ಹೊರಗುಳಿಯಿತು. ಅಷ್ಟರಲ್ಲಿ ಫೈಲು ಎದೆಗೊತ್ತಿಕೊಂಡು ಕೋಣೆಯಿಂದ ಬಂದ ಪಾವನಾ ಅಲ್ಲೇ ಕಲ್ಲಾದಳು. ಸರೋಜ ಇಬ್ಬರ ನಡುವೆ ಬಂದು ನಿಂತಳು.

ಅವನು ಹೊಡೆದ. ಅಂಗೈ ಅವಳ ಬಲಗಿವಿಯ ಮೇಲೆ ಬಿತ್ತು, ಕೇಳುತ್ತಿದ್ದ ಒಂದೇ ಕಿವಿಯ ಮೇಲೆ. ಗೋಡೆಗೆ ತಲೆ ಬಡಿದು ಅವಳು ಕುಸಿದಳು. ಎದ್ದಾಗ ಲೋಕದಲ್ಲಿ ಸದ್ದಿರಲಿಲ್ಲ. ಮಳೆ ಇಲ್ಲ, ಫ್ಯಾನಿಲ್ಲ, ಬಾಗಿಲು ಗುದ್ದುತ್ತಿದ್ದ ಫಾತಿಮಾ ಇಲ್ಲ. ಒಂದೇ ಒಂದು ಸೀಟಿ ಮಾತ್ರ, ಸ್ಟೇಷನ್ನು ಸಿಗದ ರೇಡಿಯೋದ ಹಾಗೆ. ಆ ಸೀಟಿಯೊಳಗೆ, ವಿನಯ್ ಮಗಳ ಕೂದಲು ಹಿಡಿದು ನೆಲಕ್ಕೆ ಕೆಡವುವುದು ಕಂಡಿತು. ಹೊಟ್ಟೆಗೆ ಒದೆಯುವುದು ಕಂಡಿತು. ಸರ್ಟಿಫಿಕೇಟುಗಳು ಹರಡಿದವು. ಪಾವನಾಳ ಬಾಯಿ ಅಗಲವಾಗಿ ತೆರೆದಿತ್ತು. ಕೂಗುತ್ತಿರಬೇಕು. ಯಾಕೆಂದರೆ ವಿನಯ್ ಕಿರಿಕಿರಿಯಿಂದ ಬಾಗಿಲ ಕಡೆ ನೋಡಿದ. ಆಮೇಲೆ ಟಿವಿ ಇದ್ದ ಖಾಲಿ ಜಾಗದ ಕಡೆ ನೋಡಿದ. ಆಮೇಲೆ ರೇಡಿಯೋದ ಕಡೆ.

ಅವನು ಮಗಳ ಕೂದಲು ಬಿಟ್ಟು ಅತ್ತ ನಡೆದ.

ಸರೋಜಳಿಗೆ ಗೊತ್ತಾಯಿತು. ಕೂಗಲು ಅವಳಿಗೆ ಬಾಯಿತ್ತು, ಹೊತ್ತೂ ಇತ್ತು. ಅವಳ ಎಡಗೈ ತಾನಾಗಿ ಸೆರಗಿನೊಳಗೆ ಹೋಯಿತು, ಮೇಜಿನ ಮುಂದೆ ಕೋಟಿನ ಜೇಬಿಗೆ ಹೋಗುವ ಹಾಗೆ. ಅವಳು ಬಾಯಿ ಬಿಡಲಿಲ್ಲ.

ವಿನಯ್ ಹಿತ್ತಾಳೆಯನ್ನು ಹಿಡಿದು ತಿರುಗಿಸಿದ.

ಕರೆಂಟು ಹಿಡಿದವನನ್ನು ಎಸೆಯುತ್ತದೆ ಎಂದು ಜನ ತಿಳಿದಿದ್ದಾರೆ. ಅದು ಬೆರಳುಗಳನ್ನು ಮುಚ್ಚಿಸುತ್ತದೆ. ಅವನ ಕೈ ನಾಬನ್ನು ಇನ್ನಷ್ಟು ಬಿಗಿಯಾಗಿ ಹಿಡಿಯಿತು, ಕತ್ತಿನ ನರಗಳು ಹಗ್ಗದಂತೆ ಎದ್ದವು, ಹಲ್ಲು ಕಚ್ಚಿಕೊಂಡಿತು, ಒದ್ದೆ ಕಾಲು ನೆಲಕ್ಕೆ ಅಂಟಿ ನಡುಗಿತು. ಕಣ್ಣು ಮಾತ್ರ ಸರೋಜಳ ಕಡೆ ಇತ್ತು. ಅದರಲ್ಲಿ ಸಿಟ್ಟಿರಲಿಲ್ಲ, ಕೇಳಿಕೊಳ್ಳುವುದಷ್ಟೇ ಇತ್ತು. ಅವಳು ನೋಡುತ್ತ ನಿಂತಳು.

ಆಗ ಪಾವನಾ ಎದ್ದಳು. ಹೊಟ್ಟೆ ಹಿಡಿದುಕೊಂಡು ಎದ್ದವಳು ಗಂಡನ ಕಡೆ ಓಡಿದಳು, ಬಿಡಿಸಲು ಎರಡೂ ಕೈ ಚಾಚಿ.

ಅಡುಗೆಮನೆಯ ಬಾಗಿಲ ಬದಿಗೆ ಹಲಸಿನ ಮರದ ಮಣೆ ಒರಗಿಸಿತ್ತು. ಸರೋಜ ಅದನ್ನು ಯಾವಾಗ ಎತ್ತಿದಳೋ. ಭುಜದಿಂದ ಮಗಳನ್ನು ಗೋಡೆಗೆ ಗುದ್ದಿ ಬೀಳಿಸಿ, ಮಣೆಯನ್ನು ಎರಡೂ ಕೈಯಲ್ಲಿ ತಲೆಯ ಮೇಲೆತ್ತಿ, ಅವನ ಮುಂಗೈ ಮೇಲೆ ಹೊಡೆದಳು. ಬಿಡಲಿಲ್ಲ. ಮತ್ತೆ ಹೊಡೆದಳು. ಕಿವಿ ಕೇಳದಿದ್ದರೂ ಮೂಳೆ ಮುರಿದದ್ದು ಮರದ ಮೂಲಕ ಅವಳ ಅಂಗೈಗೆ ತಿಳಿಯಿತು. ಕೈ ಬಿಟ್ಟು ಅವನು ಹಿಂದಕ್ಕೆ ಬಿದ್ದ. ಬಿದ್ದವನ ಮೇಲೆ ಅವಳು ಮೂರನೆಯ ಬಾರಿ ಮಣೆ ಎತ್ತಿದ್ದಳು. ಬದುಕಿನಲ್ಲಿ ಅವಳು ಯಾರಿಗೂ ಹೊಡೆದವಳಲ್ಲ. ಎತ್ತಿದ ಮಣೆ ಎಷ್ಟೋ ಹೊತ್ತು ಅಲ್ಲೇ ಇತ್ತು, ಇಳಿಯುವುದನ್ನು ಮರೆತಂತೆ.

ವಿನಯ್ ಉಸಿರೆಳೆದ. ಬಾಯಿಯಿಂದ ನೊರೆ ಬಂತು, ಆಮೇಲೆ ತುಟಿಗಳು ಆಡಿದವು. ಬೈಯುತ್ತಿದ್ದಾನೆ ಎಂದು ಸರೋಜಳಿಗೆ ಗೊತ್ತಾಯಿತು. ಅವಳು ಮಣೆ ಕೆಳಗಿಟ್ಟಳು.

ಅಷ್ಟು ಹೊತ್ತಿಗೆ ವಾಲ್ವುಗಳು ಕಾದಿದ್ದವು. ಡಯಲಿನ ಹಳದಿ ದೀಪ ಹೊತ್ತಿಕೊಂಡಿತು. ಏನೋ ಹಾಡಿರಬೇಕು. ಪಾವನಾ ಕಿವಿ ಮುಚ್ಚಿಕೊಂಡಳು. ಆಮೇಲೆ ಅವಳು ಗೋಡೆ ಹಿಡಿದು ಎದ್ದು, ಮೂಲೆಯಲ್ಲಿದ್ದ ತನ್ನ ರಬ್ಬರು ಚಪ್ಪಲಿ ಮೆಟ್ಟಿಕೊಂಡು, ಬೋರ್ಡಿನ ಹತ್ತಿರ ಹೋದಳು. ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಬಲಗೈಯಿಂದ ಸ್ವಿಚ್ಚು ಆರಿಸಿದಳು. ಆಮೇಲೆ ಪ್ಲಗ್ಗು ಕಿತ್ತಳು. ಇದನ್ನು ಅವಳಿಗೆ ಯಾರೂ ಕೂರಿಸಿ ಕಲಿಸಿರಲಿಲ್ಲ. ಮೇಜಿನ ಕೆಳಗೆ ಕೂತು ನೋಡಿದ್ದಷ್ಟೇ. ಚಿಲಕ ತೆಗೆದು ಫಾತಿಮಾಳನ್ನು ಒಳಗೆ ಬಿಟ್ಟಳು.

ಆಂಬುಲೆನ್ಸ್ ಬಂತು. ಆಸ್ಪತ್ರೆಯ ಹೊರಾಂಗಣದಲ್ಲಿ ತಾಯಿ ಮಗಳು ಬೆಂಚಿನ ಮೇಲೆ ಕೂತಾಗ ಸರೋಜಳ ಬಲಗಿವಿಗೆ ಬಾವಿಯೊಳಗಿನಿಂದ ಬಂದಂತೆ ಸದ್ದು ಮರಳತೊಡಗಿತ್ತು.

"ನಾನೇ ಅದಕ್ಕೆ ಹಾಗೆ ವಯರು ಹಾಕಿದ್ದು," ಎಂದಳು.

"ಅರಿಯಾಂ," ಎಂದಳು ಪಾವನಾ. ಗೊತ್ತು. "ಬೆಳಿಗ್ಗೆ ಮುಟ್ಟಿದೆ. ಹುಣಸೆ ಇನ್ನೂ ನೆನೀತಾ ಇತ್ತು, ಸುಮ್ನೆ ಒಂದು ಬೆರಳಲ್ಲಿ. ಚಪ್ಪಲಿ ಹಾಕಿದ್ದೆ. ಜುಂ ಅಂತು. ಅಮ್ಮನ ಕೈಯಿಂದ ಬಂದ ರೇಡಿಯೋ ಜುಂ ಅನ್ನಲ್ಲ ಅಲ್ವಾ."

ಸರೋಜ ಕಣ್ಣು ಮುಚ್ಚಿದಳು. ತೆರೆಯದೆಯೇ ಕೇಳಿದಳು: "ಗೊತ್ತಿದ್ದೂ ಅವನನ್ನು ಎಳೀಲಿಕ್ಕೆ ಓಡಿದ್ದು ಎಂತಕ್ಕೆ?"

"ಗೊತ್ತಿಲ್ಲ. ಅಮ್ಮ ಹೊಡೆದದ್ದು ಯಾಕೆ?"

"ನನಗೂ ಗೊತ್ತಿಲ್ಲ."

ಬಂದ ಪೊಲೀಸ್ ಅಧಿಕಾರಿ ಮಧ್ಯವಯಸ್ಸಿನ ಹೆಂಗಸು. ಪಾವನಾಳ ಕತ್ತನ್ನು, ಹಣೆಯನ್ನು ನೋಡಿದಳು, ಫಾತಿಮಾ ಹೇಳಿದ್ದನ್ನೆಲ್ಲ ಬರೆದುಕೊಂಡಳು. ಸರೋಜಳ ಭುಜ ತಟ್ಟಿ, "ಹಳೇ ರೇಡಿಯೋ, ಮಳೆಗಾಲ. ಷಾಕ್ ಹೊಡೆಯದೆ ಇರ್ತದಾ ಚೇಚಿ? ಮಣೆಯಿಂದ ಹೊಡೆದು ನೀವು ಅವನ ಜೀವ ಉಳಿಸಿದ್ರಿ. ಇಷ್ಟು ಸಾಕು," ಎಂದಳು.

ಪಾವನಾ ಅಮ್ಮನ ಮೊಣಕೈ ಒತ್ತಿದಳು. ಸುಮ್ಮನಿರು.

"ಸಾಕಾಗೋದಿಲ್ಲ ಮೇಡಂ," ಎಂದಳು ಸರೋಜ. "ಬಾತ್‌ರೂಮಲ್ಲಿ ಜಾರಿದೆ, ಕಿವಿಗೆ ಕಡ್ಡಿ ಹಾಕಿದೆ, ಮೇಜಿನಿಂದ ಬಿತ್ತು. ಇಷ್ಟೂ ನಮ್ಮ ಮನೆಯಲ್ಲಿ ಹೇಳಿ ಆಗಿದೆ. ಇನ್ನೊಂದು ನನ್ನಿಂದ ಬೇಡ. ಅದು ಹಳೇದಾಗಿ ಷಾಕ್ ಹೊಡೆದದ್ದಲ್ಲ. ಅವನನ್ನು ಕೊಲ್ಲಲಿಕ್ಕೆ ನಾನು ಹಾಗೆ ಮಾಡಿದ್ದು. ಬರ್ಕೊಳ್ಳಿ."

ಅಧಿಕಾರಿಗೆ ಪೆನ್ನಿನ ಮುಚ್ಚಳ ಮತ್ತೆ ತೆಗೆಯಲು ಸ್ವಲ್ಪ ಹೊತ್ತು ಹಿಡಿಯಿತು.

ಈಗ ಎರಡು ಕೇಸುಗಳಿವೆ, ಅವನ ಮೇಲೊಂದು, ಅವಳ ಮೇಲೊಂದು. ವಿನಯ್‌ನ ಮುಂಗೈಯೊಳಗೆ ಸ್ಟೀಲಿನ ಪಟ್ಟಿಯಿದೆ, ಅಂಗೈಯಲ್ಲಿ ನಾಬಿನಷ್ಟೇ ದೊಡ್ಡ ದುಂಡನೆಯ ಸುಟ್ಟ ಗುರುತು. ಸರೋಜಳಿಗೆ ಜಾಮೀನು ಸಿಕ್ಕಿದೆ. ಪಾವನಾ ಉಳ್ಳೂರಿನಲ್ಲಿದ್ದಾಳೆ. ಹುಬ್ಬಿನ ಮೇಲಿನ ಕೂದಲನ್ನು ಹಿಂದಕ್ಕೆ ಬಾಚುತ್ತಾಳೆ, ಗುರುತು ಕಂಡರೆ ಕಾಣಲಿ ಎಂದು. ಸರೋಜಳ ಬಲಗಿವಿ ಅರ್ಧಕ್ಕೇ ನಿಂತಿತು. ಆದ್ದರಿಂದ ಶನಿವಾರದ ಪಾಠದಲ್ಲಿ ಸ್ಟೇಷನ್ನು ಸರಿಯಾಗಿ ಕೂತಿತೇ ಎಂದು ಕೇಳಿ ಹೇಳುವ ಕೆಲಸ ಪಾವನಾಳದು. ಕಲಿಯಲು ಬರುವವರು ಕಡಿಮೆಯಾಗಿದ್ದಾರೆ. ಬರುವವರು ಮೊದಲಿಗಿಂತ ಹೆಚ್ಚು ಗಮನವಿಟ್ಟು ಕೇಳುತ್ತಾರೆ.

ತಿಂಗಳಿಗೊಮ್ಮೆ ಸಹಿ ಹಾಕಲು ಸರೋಜ ಕೊಚ್ಚಿಯ ಠಾಣೆಗೆ ಹೋಗುತ್ತಾಳೆ. ರೇಡಿಯೋ ಅಲ್ಲಿನ ಸಾಮಾನು ಕೋಣೆಯಲ್ಲಿದೆ, ಬಿಳಿ ಬಟ್ಟೆ ಸುತ್ತಿ, ಅರಗಿನ ಮೊಹರು ಒತ್ತಿ. ಬಟ್ಟೆಯ ಹೊರಗೆ ವಯರು ಇಳಿಬಿದ್ದಿದೆ, ತುದಿಯಲ್ಲಿ ಅವಳು ಹಾಕಿದ ಮೂರು ಕಡ್ಡಿಯ ಪ್ಲಗ್ಗು.

"ಆ ವಯರು ಕತ್ತರಿಸಿಬಿಡಿ ಸಾರ್," ಎಂದು ಅವಳು ಪ್ರತಿಸಲವೂ ಕೇಳುತ್ತಾಳೆ.

"ಅದು ಸಾಕ್ಷಿ ಚೇಚಿ. ಇದ್ದ ಹಾಗೇ ಇರ್ಬೇಕು," ಎನ್ನುತ್ತಾನೆ ಕಾವಲಿನ ಪೇದೆ.

ಕಳೆದ ಬಾರಿ ಅವಳು ಪಾವನಾಳ ಕೈಯಲ್ಲಿ ಮಲಯಾಳದಲ್ಲಿ ದಪ್ಪಕ್ಷರದಲ್ಲಿ ಬರೆಸಿದ ರಟ್ಟೊಂದನ್ನು ಒಯ್ದಿದ್ದಳು: ಮುಟ್ಟಬೇಡಿ, ಪ್ಲಗ್ಗಿಗೆ ಹಾಕಬೇಡಿ. ಪೇದೆ ಅದನ್ನು ವಯರಿಗೆ ಕಟ್ಟಲು ಒಪ್ಪಿದ. ಕಟ್ಟುವಾಗ ಬಟ್ಟೆಯ ಸಂದಿನಿಂದ ತೇಗದ ಮೂಲೆ, ಹಿತ್ತಾಳೆಯ ಒಂದು ಅಂಚು ಇಣುಕಿತು. ಅವನು ಬಗ್ಗಿ ನೋಡಿದ.

"ಚೆನ್ನಾಗಿದೆಯಲ್ಲ. ಹಾಕಿದ್ರೆ ಹಾಡ್ತದಾ?"

ಸರೋಜ ಗಂಟನ್ನು ಇನ್ನೊಮ್ಮೆ ಬಿಗಿದಳು, ಎರಡೂ ಕೈಯಲ್ಲಿ.

"ಒಳ್ಳೇದಾಗಿ ಹಾಡ್ತದೆ," ಎಂದಳು. "ಅದಕ್ಕೇ ಹೆದರಿಕೆ."